ಬಡವರ ಮಾಸಾಶನ: ದಾನವೋ, ಹಕ್ಕೋ?

ಬಡ ಕುಟುಂಬಗಳಿಗೂ ಉದ್ಯೋಗವಿಲ್ಲದ ತರುಣರಿಗೂ ಸರಕಾರವು ತಿಂಗಳು ತಿಂಗಳಿಗೆ ಹಣ ಕೊಡುವದು ಯೋಗ್ಯವೋ ಅಯೋಗ್ಯವೋ ಎಂಬ ವಾದವು ನಮ್ಮ ನಾಡಿನಲ್ಲಿ 2023ನೆಯ ಇಸವಿಯಿಂದ ಎಡೆಬಿಡದೆ ನಡೆದಿರುವದು. ಕೋರ್ಟಿನ ಪಡಸಾಲೆಯಲ್ಲಿ, ಶಾಲೆಯ ಶಿಕ್ಷಕರ ಕೋಣೆಯಲ್ಲಿ, ಬಸ್ಸಿನ ನಿಲ್ದಾಣದಲ್ಲಿ ಎಲ್ಲಿಯೂ ಇದೇ ಮಾತು. ಒಬ್ಬರು ಇದನ್ನು ದೀನರ ಉದ್ಧಾರವೆಂದು ಹಾಡಿ ಹರಸುವರು. ಇನ್ನೊಬ್ಬರು ‘ಬಿಟ್ಟಿ’ ಎಂದು ಮೂಗು ಮುರಿಯುವರು. ಆದರೆ ಈ ಎರಡೂ ಪಕ್ಷದವರು ಒಂದು ವಿಷಯದಲ್ಲಿ ಏಕಮತದವರಾಗಿರುವದನ್ನು ವಾಚಕರು ಲಕ್ಷಿಸಬೇಕು. ಈ ಹಣವು ಆಳುವವರ ಔದಾರ್ಯದಿಂದ ಬರುವದೆಂದು ಇಬ್ಬರೂ ನಂಬಿರುತ್ತಾರೆ. ಹೊಗಳುವವನು ದಾನಿಯ ಕೈಯನ್ನು ಹೊಗಳುವನು. ತೆಗಳುವವನು ದಾನಿಯ ದುಂದುಗಾರಿಕೆಯನ್ನು ತೆಗಳುವನು. ಪಡೆಯುವವಳಿಗೆ ಆ ಹಣದ ಮೇಲೆ ಏನು ಅಧಿಕಾರವಿದೆ ಎಂದು ಕೇಳುವವರು ವಿರಳ. ನಮ್ಮ ಮತದಲ್ಲಿ ಕೇಳತಕ್ಕ ಮುಖ್ಯ ಪ್ರಶ್ನೆಯು ಇದೇ ಆಗಿರುವದರಿಂದ ಇದನ್ನೇ ಈ ವಾರ ವಿಚಾರಕ್ಕೆ ತೆಗೆದುಕೊಂಡಿರುವೆವು.

ಮೊದಲು ಕೊಡಲ್ಪಡುವದೇನೆಂಬದನ್ನು ನೋಡೋಣ. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ‘ಗೃಹಲಕ್ಷ್ಮೀ’ ಯೋಜನೆಯು ಆರಂಭವಾಯಿತು. ಪಡಿತರ ಚೀಟಿಯಲ್ಲಿ ಮನೆಯ ಯಜಮಾನಿಯೆಂದು ಬರೆಯಲ್ಪಟ್ಟ ಹೆಣ್ಣುಮಗಳಿಗೆ ತಿಂಗಳಿಗೆ 2,000 ರೂಪಾಯಿ. ಆಕೆಯಾಗಲಿ ಆಕೆಯ ಗಂಡನಾಗಲಿ ಆದಾಯ ತೆರಿಗೆ ಕೊಡುವವರಿದ್ದರೆ ಮಾತ್ರ ಇಲ್ಲ. ಹೀಗೆ ಪಡೆಯುವ ಮನೆಗಳು ಒಂದು ಕೋಟಿಗೆ ಮಿಕ್ಕಿರುವವು. 2024ರ ಜನವರಿ 12ರಂದು ಶಿವಮೊಗ್ಗೆಯಲ್ಲಿ ‘ಯುವನಿಧಿ’ಗೆ ಚಾಲನೆ ದೊರೆಯಿತು. ಪದವಿ ಪಡೆದು ಆರು ತಿಂಗಳು ಕಳೆದರೂ ಉದ್ಯೋಗ ಸಿಗದ ತರುಣ ತರುಣಿಯರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾ ಪಡೆದವರಿಗೆ 1,500 ರೂಪಾಯಿ, ಅದೂ ಎರಡು ವರ್ಷಗಳಿಗೆ ಮೀರದಂತೆ. ಇವಕ್ಕಿಂತ ಹಳೆಯದಾದ ‘ಸಂಧ್ಯಾ ಸುರಕ್ಷಾ’ ಮಾಸಾಶನವು 2007ರಿಂದ ಅರುವತ್ತೈದು ದಾಟಿದ ಬಡ ವೃದ್ಧರಿಗೆ ಸಲ್ಲುತ್ತ ಬಂದಿದೆ. ಅಕ್ಕಿ, ಬಸ್ಸಿನ ಪ್ರಯಾಣ, ವಿದ್ಯುತ್ತು ಇವುಗಳ ಯೋಜನೆಗಳು ಬೇರೆ. ಐದು ‘ಗ್ಯಾರಂಟಿ’ಗಳಿಗೆಂದು 2025–26ರ ಅಂದಾಜು ಪತ್ರಿಕೆಯಲ್ಲಿ ತೆಗೆದಿರಿಸಿದ ಹಣವು 51,034 ಕೋಟಿ ರೂಪಾಯಿ; ಒಟ್ಟು ಅಂದಾಜು 4,09,549 ಕೋಟಿ. ಎಂದರೆ ಎಂಟು ರೂಪಾಯಿಗಳಲ್ಲಿ ಒಂದು ರೂಪಾಯಿ. ಇಷ್ಟು ದೊಡ್ಡ ಮೊತ್ತವನ್ನು ಕುರಿತು ಪ್ರಜೆಗಳು ವಿಚಾರ ಮಾಡದೆ ಇರುವದು ತರವಲ್ಲ.

ಇದರಿಂದ ಜನರು ಸೋಮಾರಿಗಳಾಗುವರೆಂಬದು ಮೊದಲನೆಯ ಆಕ್ಷೇಪಣೆ. ಈ ಆಕ್ಷೇಪಣೆಗೆ ಗಣಿತವೇ ಉತ್ತರ ಕೊಡುವದು. ಗ್ರಾಮೀಣ ಉದ್ಯೋಗ ಖಾತರಿಯ ಕೆಲಸಕ್ಕೆ ನಮ್ಮ ರಾಜ್ಯದಲ್ಲಿ 2025ರ ಏಪ್ರಿಲಿನಲ್ಲಿ ಗೊತ್ತುಪಡಿಸಿದ ಕೂಲಿಯು ದಿನಕ್ಕೆ 370 ರೂಪಾಯಿ. ಗೃಹಲಕ್ಷ್ಮಿಯ 2,000 ರೂಪಾಯಿಯು ಅದರ ಆರು ದಿನದ ಕೂಲಿಗೂ ಕಡಿಮೆ. ಆರು ದಿನದ ಕೂಲಿಯನ್ನು ನೆಚ್ಚಿ ಮೂವತ್ತು ದಿನ ಕುಳಿತು ಉಣ್ಣುವ ವಿದ್ಯೆಯು ಯಾವ ಬಡವನಿಗೂ ತಿಳಿದಿಲ್ಲ. ಶರಣರ ನಾಡಿನಲ್ಲಿ ಕಾಯಕವನ್ನು ಬಿಟ್ಟು ಬೇಡುವದನ್ನು ಕಲಿಸುತ್ತಿರುವಿರೆಂದು ಕೆಲವರು ಹೇಳುವರು. ಬೆಳಗಿನ ಜಾವಕ್ಕೆದ್ದು ನೀರು ತಂದು, ಅಡಿಗೆ ಮಾಡಿ, ಮಕ್ಕಳನ್ನು ಶಾಲೆಗೆ ಕಳಿಸಿ, ಹೊಲಕ್ಕೆ ಹೋಗಿ ಕಳೆ ತೆಗೆದು, ಸಂಜೆಗೆ ಮತ್ತೆ ಒಲೆಯ ಮುಂದೆ ಕೂಡ್ರುವ ತಾಯಿಯದು ಕಾಯಕವಲ್ಲದೆ ಮತ್ತೇನು? ಆ ದುಡಿಮೆಗೆ ಇಷ್ಟು ಕಾಲ ಯಾರೂ ಬೆಲೆ ಕಟ್ಟಲಿಲ್ಲ, ಅಷ್ಟೇ. ಆದುದರಿಂದ ಸೋಮಾರಿತನದ ಮಾತನ್ನು ಇಲ್ಲಿಗೇ ಬಿಟ್ಟು ಮುಂದೆ ಸಾಗುವೆವು.

ಬಡವನಿಗೆ ಸರಕಾರವು ಕೊಡುವ ಸಹಾಯಕ್ಕೆ ಒಂದು ಇತಿಹಾಸವುಂಟು, ಮತ್ತು ಆ ಇತಿಹಾಸವು ಕನ್ನಡಿಗರ ಕಣ್ಣೀರಿನಲ್ಲಿ ನೆನೆದಿರುವದು. 1876–78ರ ಘೋರ ಬರಗಾಲವು ಧಾರವಾಡ, ಕಲಾದಗಿ, ಬಳ್ಳಾರಿ, ಮೈಸೂರು ಸೀಮೆಗಳನ್ನು ಒಂದೇ ಸಮನೆ ಸುಟ್ಟಿತು. ಆಗ ಕನ್ನಡ ನಾಡು ಮುಂಬಯಿ, ಮದರಾಸು, ನಿಜಾಮ, ಮೈಸೂರು ಎಂದು ಹರಿದು ಹಂಚಿ ಹೋಗಿತ್ತು. ಹಸಿವೆಗೆ ಮಾತ್ರ ಈ ಗಡಿಗಳು ತಿಳಿಯಲಿಲ್ಲ. 1871ರ ಖಾನೇಸುಮಾರಿಯಲ್ಲಿ 50 ಲಕ್ಷಕ್ಕೆ ಮೇಲ್ಪಟ್ಟಿದ್ದ ಮೈಸೂರಿನ ಜನಸಂಖ್ಯೆಯು 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿಯಿತು. ಪರಿಹಾರದ ಕೆಲಸಕ್ಕೆ ಬಂದ ಕೂಲಿಕಾರನಿಗೆ ದಿನಕ್ಕೆ ಒಂದು ಪೌಂಡು ಧಾನ್ಯ, ಜೊತೆಗೆ ಒಂದು ಆಣೆ ಸಾಕೆಂದು 1877ರಲ್ಲಿ ಸರ್ ರಿಚರ್ಡ್ ಟೆಂಪಲ್ಲರು ಗೊತ್ತು ಮಾಡಿದರು. ಬೊಕ್ಕಸ ಉಳಿಯಬೇಕು, ಕೊಡುವದು ಹೆಚ್ಚಾದರೆ ಜನ ಕೆಡುವರು ಎಂಬದೇ ಆಗಿನ ನ್ಯಾಯ. ಇಷ್ಟು ಸಾವಿನ ಬಳಿಕ 1880ರ ಕ್ಷಾಮ ಆಯೋಗವು ವರದಿ ಬರೆಯಿತು; ಅದರ ಮೇಲಿಂದ ಕ್ಷಾಮ ಸಂಹಿತೆಗಳು ಹುಟ್ಟಿದವು. ದುಡಿಯಬಲ್ಲವನಿಗೆ ಕೆಲಸ, ದುಡಿಯಲಾರದವನಿಗೆ ಧರ್ಮಾರ್ಥ ಅನ್ನ ಎಂಬ ನಿಯಮವು ಆಗ ಲಿಖಿತಕ್ಕೆ ಬಂತು. ಆದರೂ ಅದು ಅಧಿಕಾರಿಗೆ ಕೊಟ್ಟ ಸೂಚನೆಯೇ ಹೊರತು ಪ್ರಜೆಗೆ ಕೊಟ್ಟ ಹಕ್ಕಲ್ಲ.

ಆಳುತ್ತಿದ್ದವರ ಸ್ವದೇಶದ ಕಥೆಯೂ ಇದಕ್ಕೆ ಹೊರತಾಗಿರಲಿಲ್ಲ. ಇಂಗ್ಲಂಡದಲ್ಲಿ 1834ರ ಬಡವರ ಕಾಯಿದೆಯ ಪ್ರಕಾರ ನೆರವು ಬೇಡಿದ ದುಡಿಮೆಗಾರನನ್ನು ಸೆರೆಮನೆಯಂಥ ‘ವರ್ಕ್‌ಹೌಸ್’ಗೆ ಅಟ್ಟಬೇಕೆಂಬ ನೀತಿಯಿತ್ತು. ಸರಕಾರದ ಅನ್ನ ಉಂಡವನು ತನ್ನ ಮತದಾನದ ಹಕ್ಕನ್ನೂ ಕಳೆದುಕೊಳ್ಳುತ್ತಿದ್ದನು. 1908ರಲ್ಲಿ ವೃದ್ಧಾಪ್ಯ ವೇತನದ ಕಾಯಿದೆಯಾಯಿತು. ಎಪ್ಪತ್ತು ವರ್ಷ ದಾಟಿದ ಬಡ ಮುದುಕನಿಗೆ ವಾರಕ್ಕೆ ಹೆಚ್ಚೆಂದರೆ ಐದು ಶಿಲ್ಲಿಂಗ್. ಬಹಳ ಸಣ್ಣ ಮೊತ್ತವೇ ಸರಿ. ಆದರೆ ಇದನ್ನು ಪಡೆದವನು ಮತದಾನದ ಹಕ್ಕನ್ನು ಕಳೆದುಕೊಳ್ಳತಕ್ಕದ್ದಲ್ಲವೆಂದು ಆ ಕಾಯಿದೆಯಲ್ಲಿಯೇ ಬರೆದರು. ಮುದುಕನು ಅಂಚೆಯ ಕಚೇರಿಗೆ ತಲೆಯೆತ್ತಿ ಹೋಗಿ ತನ್ನದನ್ನು ತಾನು ತರುವಂತಾಯಿತು. ಐದು ಶಿಲ್ಲಿಂಗ್‌ಗಿಂತ ದೊಡ್ಡದಾದುದು ಆ ತಲೆಯೆತ್ತುವಿಕೆ. ದಾನಕ್ಕೂ ಹಕ್ಕಿಗೂ ಇರುವ ಅಂತರವನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ನಿದರ್ಶನವು ಸಿಕ್ಕಲಾರದು.

ಇನ್ನು ನಮ್ಮ ಸಂವಿಧಾನದ ಕಡೆಗೆ ತಿರುಗೋಣ. ನಿರುದ್ಯೋಗ, ಮುಪ್ಪು, ರೋಗ, ಅಂಗವೈಕಲ್ಯಗಳಲ್ಲಿ ಪ್ರಜೆಗೆ ಸಾರ್ವಜನಿಕ ಸಹಾಯವು ದೊರೆಯುವಂತೆ ರಾಜ್ಯವು ತನ್ನ ಆರ್ಥಿಕ ಶಕ್ತಿಯ ಮಿತಿಯೊಳಗೆ ಏರ್ಪಾಡು ಮಾಡಬೇಕೆಂದು 41ನೆಯ ಅನುಚ್ಛೇದವು ಹೇಳುವದು. ಆದರೆ ಇದು ನಿರ್ದೇಶಕ ತತ್ವಗಳ ಸಾಲಿನಲ್ಲಿರುವದರಿಂದ ಇದನ್ನೇ ಹಿಡಿದು ಕೋರ್ಟಿಗೆ ಹೋಗುವಂತಿಲ್ಲವೆಂದು 37ನೆಯ ಅನುಚ್ಛೇದವು ಬಾಗಿಲು ಹಾಕಿರುವದು. ಇದೇ ಸಂವಿಧಾನದಲ್ಲಿ 291ನೆಯ ಅನುಚ್ಛೇದವೊಂದಿತ್ತು. ಹಿಂದಿನ ಸಂಸ್ಥಾನಿಕರ ರಾಜಧನವನ್ನು ದೇಶದ ಬೊಕ್ಕಸದಿಂದ ತಪ್ಪದೆ, ತೆರಿಗೆಯೂ ಇಲ್ಲದೆ, ಸಲ್ಲಿಸತಕ್ಕದ್ದೆಂದು ಅದು ವಿಧಿಸಿತ್ತು. ಮೈಸೂರಿನ ಅರಸರಿಗೆ ಸಂದ ರಾಜಧನವು ವರ್ಷಕ್ಕೆ 26 ಲಕ್ಷ ರೂಪಾಯಿ. 1971ರ 26ನೆಯ ತಿದ್ದುಪಡಿಯಿಂದ ಅದು ರದ್ದಾಯಿತು. ಮೈಸೂರಿನ ಅರಸರು ನಾಡಿಗೆ ಮಾಡಿದ ಉಪಕಾರವನ್ನು ನಾವು ಅಲ್ಲಗಳೆಯುವದಿಲ್ಲ. ಆದರೆ ಅರಸನ ಮಾಸಾಶನಕ್ಕೆ ‘ಸಲ್ಲಿಸತಕ್ಕದ್ದು’ ಎಂಬ ಶಬ್ದವೂ ಅನಾಥ ಮುದುಕಿಯ ಮಾಸಾಶನಕ್ಕೆ ‘ಶಕ್ತಿಯಿದ್ದಷ್ಟು’ ಎಂಬ ಶಬ್ದವೂ ಒಂದೇ ಗ್ರಂಥದಲ್ಲಿ ಕೂಡಿದ್ದುದನ್ನು ನ್ಯಾಯಶಾಸ್ತ್ರದ ವಿದ್ಯಾರ್ಥಿಯು ಮರೆಯಬಾರದು.

ನ್ಯಾಯಾಲಯಗಳು ಈ ವಿಷಯದಲ್ಲಿ ಕಣ್ಣು ಮುಚ್ಚಿ ಕುಳಿತಿಲ್ಲ. ಸರಕಾರಿ ನೌಕರನ ನಿವೃತ್ತಿವೇತನವು ಆಳುವವರ ಮರ್ಜಿಯ ಕೊಡುಗೆಯಲ್ಲ, ಅವನ ಹಕ್ಕು ಎಂದು ಸರ್ವೋಚ್ಚ ನ್ಯಾಯಾಲಯವು 1971ರಲ್ಲಿ ದೇವಕಿನಂದನ ಪ್ರಸಾದರ ಮೊಕದ್ದಮೆಯಲ್ಲಿ ಹೇಳಿತು. 1982ರ ಡಿಸೆಂಬರ್ 17ರಂದು ನಕಾರಾ ಅವರ ಮೊಕದ್ದಮೆಯಲ್ಲಿ ಅದನ್ನೇ ಇನ್ನಷ್ಟು ಗಟ್ಟಿಯಾಗಿ ಸಾರಿತು. ವಾಚಕರಾದ ಶಿಕ್ಷಕರಿಗೆ ಇದರ ಬೆಲೆ ಚೆನ್ನಾಗಿ ಗೊತ್ತು. 2001ರಲ್ಲಿ ಆಹಾರದ ಹಕ್ಕಿನ ಮೊಕದ್ದಮೆಯು ಬಂದಾಗ ಅದೇ ನ್ಯಾಯಾಲಯವು ನವೆಂಬರ್ 28ರ ಆಜ್ಞೆಯಲ್ಲಿ ವೃದ್ಧರ ರಾಷ್ಟ್ರೀಯ ಮಾಸಾಶನವನ್ನು ಪ್ರತಿ ತಿಂಗಳ 7ನೆಯ ತಾರೀಖಿನೊಳಗೆ ಮುಟ್ಟಿಸಬೇಕೆಂದು ವಿಧಿಸಿತು. 2005ರ ಗ್ರಾಮೀಣ ಉದ್ಯೋಗ ಖಾತರಿ ಕಾಯಿದೆಯಲ್ಲಿ, ಕೆಲಸ ಕೇಳಿದ ಹದಿನೈದು ದಿನಗಳೊಳಗೆ ಕೊಡದಿದ್ದರೆ ನಿರುದ್ಯೋಗ ಭತ್ಯೆ ಕೊಡತಕ್ಕದ್ದೆಂದು ಬರೆದರು. 2013ರ ಆಹಾರ ಭದ್ರತಾ ಕಾಯಿದೆಯು, ಧಾನ್ಯ ಸಿಗದವನಿಗೆ ಅದರ ಬದಲಾಗಿ ಭತ್ಯೆಯು ಸಲ್ಲಬೇಕೆಂದಿತು. ದಾನವು ಹಕ್ಕಾಗುವ ಮಾರ್ಗ ಇದು: ಮೊತ್ತ, ತಾರೀಖು, ತಪ್ಪಿದರೆ ದಂಡ, ಈ ಮೂರೂ ಕಾಯಿದೆಯಲ್ಲಿ ಬರೆಯಲ್ಪಡಬೇಕು.

ಈ ಒರೆಗಲ್ಲಿಗೆ ನಮ್ಮ ರಾಜ್ಯದ ಯೋಜನೆಗಳನ್ನು ಹಚ್ಚಿ ನೋಡಿದರೆ ಏನು ಕಾಣುವದು? ಗೃಹಲಕ್ಷ್ಮಿಯಾಗಲಿ ಯುವನಿಧಿಯಾಗಲಿ ಶಾಸನಸಭೆಯು ಮಾಡಿದ ಕಾಯಿದೆಯ ಮೇಲೆ ನಿಂತಿಲ್ಲ. ಸರಕಾರದ ಆದೇಶಗಳ ಮೇಲೆ ನಿಂತಿವೆ. ಒಂದು ಆದೇಶದಿಂದ ಬಂದುದು ಇನ್ನೊಂದು ಆದೇಶದಿಂದ ಹೋಗಬಹುದು. ಅಕ್ಕಿ ಸಿಗದಾಗ 2023ರ ಜುಲೈಯಿಂದ ತಲೆಗೆ 170 ರೂಪಾಯಿ ಕೊಟ್ಟರು. 2025ರಲ್ಲಿ ಮತ್ತೆ ಅಕ್ಕಿಯನ್ನೇ ಕೊಡತೊಡಗಿದರು. ಎರಡೂ ಸರಿಯಿದ್ದಿರಬಹುದು, ಆದರೆ ಉಣ್ಣುವವನನ್ನು ಯಾರೂ ಕೇಳಲಿಲ್ಲ. 2025ರ ಫೆಬ್ರವರಿ ಮತ್ತು ಮಾರ್ಚ್ ತಿಂಗಳ ಗೃಹಲಕ್ಷ್ಮೀ ಹಣವು ಮುಟ್ಟಲಿಲ್ಲವೆಂಬದು ಅದೇ ವರ್ಷ ಡಿಸೆಂಬರದಲ್ಲಿ ಬೆಳಗಾವಿಯಲ್ಲಿ ಕೂಡಿದ ಶಾಸನಸಭೆಯಲ್ಲಿ ವಾದಕ್ಕೆ ಬಂತು. ಸರಕಾರಿ ನೌಕರರ ಎರಡು ತಿಂಗಳ ಪಗಾರವು ನಿಂತಿದ್ದರೆ ಅದು ತಿಳಿಯಲು ಡಿಸೆಂಬರದ ವರೆಗೆ ಕಾಯಬೇಕಾಗುತ್ತಿತ್ತೇ?

ಹಣ ನಿಂತ ತಾಯಿಯೊಬ್ಬಳು ತಾಲೂಕಿನ ವಕೀಲನ ಬಳಿಗೆ ಬಂದಳೆಂದು ಎಣಿಸಿರಿ. ವಕೀಲನು ಆಕೆಗೆ ಏನು ಹೇಳಬಲ್ಲನು? ಯಾವ ಕಾಯಿದೆಯ ಯಾವ ಕಲಮಿನ ಕೆಳಗೆ ಅರ್ಜಿ ಬರೆಯಬೇಕು? ಧಾರವಾಡದ ಅಥವಾ ಕಲಬುರ್ಗಿಯ ಪೀಠಕ್ಕೆ ಹೋಗಿ ಉಚ್ಚ ನ್ಯಾಯಾಲಯದಲ್ಲಿ ರಿಟ್ ಹಾಕಬಹುದೆನ್ನಬೇಕು. 2,000 ರೂಪಾಯಿಗಾಗಿ ಅದರ ಹತ್ತು ಪಟ್ಟು ವೆಚ್ಚ ಮಾಡೆಂದು ಹೇಳಿದಂತಾಗುವದು. ಅರ್ಜಿಗಳ ವಿಲೇವಾರಿಗೆ ಕಾಲದ ಮಿತಿ ಹಾಕಿ, ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500ಕ್ಕೆ ಮೀರದ ಪರಿಹಾರವನ್ನು ಕೊಡಿಸುವ ‘ಸಕಾಲ’ ಕಾಯಿದೆಯು 2011ರಲ್ಲಿ ನಮ್ಮ ರಾಜ್ಯದಲ್ಲಿಯೇ ಆಯಿತು. ಪ್ರಮಾಣಪತ್ರ ಕೊಡುವದಕ್ಕೆ ಇರುವ ಈ ಬಿಗುವು ತಿಂಗಳ ಅನ್ನಕ್ಕೆ ಏಕಿರಬಾರದು?

‘ದೇವರು ಕೊಟ್ಟರೂ ಪೂಜಾರಿ ಕೊಡ’ ಎಂಬ ಗಾದೆಯು ನಮ್ಮಲ್ಲಿ ಹಳೆಯದು. ಯೋಜನೆಗಳ ಮೇಲ್ವಿಚಾರಣೆಗೆಂದು ಜಿಲ್ಲೆ ತಾಲೂಕುಗಳಲ್ಲಿ ಸಮಿತಿಗಳನ್ನು ರಚಿಸಿ ಪಕ್ಷದ ಕಾರ್ಯಕರ್ತರನ್ನು ಅವುಗಳ ಅಧ್ಯಕ್ಷರನ್ನಾಗಿ ಮಾಡಿದರು. ಅವರಿಗೆ ಬೊಕ್ಕಸದಿಂದ ಗೌರವಧನ ಸಲ್ಲುವದರ ವಿಷಯವಾಗಿ 2025ರ ಮಾರ್ಚಿನಲ್ಲಿ ಶಾಸನಸಭೆಯು ಕೋಲಾಹಲವಾಯಿತು. ಇಂದು ಈ ಪಕ್ಷ ಮಾಡಿದುದನ್ನು ನಾಳೆ ಇನ್ನೊಂದು ಪಕ್ಷ ಮಾಡುವದು. ನಮ್ಮ ಜಗಳವು ಯಾವ ಪಕ್ಷದೊಡನೆಯೂ ಅಲ್ಲ. ಮಧ್ಯಪ್ರದೇಶದಲ್ಲಿ 2023ರಲ್ಲಿ, ಮಹಾರಾಷ್ಟ್ರದಲ್ಲಿ 2024ರಲ್ಲಿ, ಹೆಣ್ಣುಮಕ್ಕಳಿಗೆ ಇಂಥದೇ ಮಾಸಾಶನಗಳನ್ನು ಬೇರೆ ಪಕ್ಷಗಳು ಆರಂಭಿಸಿದವು. ಚುನಾವಣೆ ಮುಗಿದ ಬಳಿಕ 2025ರಲ್ಲಿ ಮಹಾರಾಷ್ಟ್ರದ ಯಾದಿಯಿಂದ ಲಕ್ಷಾಂತರ ಹೆಸರುಗಳು ಅನರ್ಹವೆಂದು ಬದಿಗೆ ಸರಿದವು. ಅನರ್ಹರಿದ್ದರೆ ತೆಗೆಯಲಿ, ಆದರೆ ಮತದ ಮುಂಚೆ ಅರ್ಹಳಾಗಿದ್ದವಳು ಮತದ ನಂತರ ಅನರ್ಹಳಾಗುವದು ದಾನದ ರಾಜ್ಯದಲ್ಲಿ ಮಾತ್ರ ಸಾಧ್ಯ.

ನಾವು ಇಟ್ಟಿರುವ ಹೆಸರುಗಳನ್ನಾದರೂ ನೋಡಿರಿ: ಭಾಗ್ಯಲಕ್ಷ್ಮೀ, ಅನ್ನಭಾಗ್ಯ, ಕ್ಷೀರಭಾಗ್ಯ. ಭಾಗ್ಯವೆಂಬದು ಹಣೆಯ ಬರಹ. ಬಂದರೆ ಬಂತು, ಬಾರದಿದ್ದರೆ ಇಲ್ಲ. ನೆರೆಯ ತಮಿಳರು 2023ರಲ್ಲಿ ತಮ್ಮ ಹೆಣ್ಣುಮಕ್ಕಳ ಮಾಸಾಶನಕ್ಕೆ ‘ಉರಿಮೈ’ ಎಂಬ ಶಬ್ದವನ್ನು ಸೇರಿಸಿದರು. ಅದರ ಅರ್ಥ ಹಕ್ಕು. ಹೆಸರಿನಿಂದಲೇ ಹಕ್ಕು ಹುಟ್ಟುವದಿಲ್ಲವಾದರೂ ಮಾತು ಮನಸ್ಸನ್ನು ತಿದ್ದುವದೆಂಬದನ್ನು ಭಾಷೆಗಾಗಿ ಹೋರಾಡಿದ ಕನ್ನಡಿಗರಿಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ.

ದಾನವೆಂದು ಎಣಿಸಿದ್ದರಿಂದ ಆಗುವ ಇನ್ನೊಂದು ಹಾನಿಯು ವೃದ್ಧರ ಮಾಸಾಶನದಲ್ಲಿ ಕಾಣಬರುವದು. 1995ರಲ್ಲಿ ಕೇಂದ್ರ ಸರಕಾರವು ಬಡ ವೃದ್ಧರಿಗೆ ತಿಂಗಳಿಗೆ 75 ರೂಪಾಯಿ ಕೊಡತೊಡಗಿತು. 2006ರಲ್ಲಿ ಅದನ್ನು 200 ಮಾಡಿದರು. ಎಂಬತ್ತು ದಾಟದ ಮುದುಕನಿಗೆ ಕೇಂದ್ರದ ಪಾಲು ಅಂದಿನಿಂದ ಆ 200ರಲ್ಲಿಯೇ ನಿಂತಿದೆ. ಬೇಳೆ ಬೆಲ್ಲಗಳ ಬೆಲೆ ನಿಂತಿಲ್ಲ. ಸರಕಾರಿ ನೌಕರನಿಗೆ ಬೆಲೆ ಏರಿದಂತೆ ತುಟ್ಟಿಭತ್ಯೆ ಏರುವದು. ಮುದುಕನ ಹೊಟ್ಟೆಗೆ ತುಟ್ಟಿಯ ಬಿಸಿ ತಟ್ಟುವದಿಲ್ಲವೇ? ರಾಜಸ್ಥಾನದ ಶಾಸನಸಭೆಯು 2023ರ ಜುಲೈಯಲ್ಲಿ ಕನಿಷ್ಠ ಆದಾಯ ಖಾತರಿಯ ಕಾಯಿದೆಯೊಂದನ್ನು ಅಂಗೀಕರಿಸಿತು. ತಿಂಗಳಿಗೆ 1,000 ರೂಪಾಯಿಗೆ ಕಡಿಮೆಯಿಲ್ಲದ ಮಾಸಾಶನ, ಅದು ವರ್ಷಕ್ಕೆ ಶೇಕಡಾ 15ರಂತೆ ಏರತಕ್ಕದ್ದು ಎಂದು ಅದರಲ್ಲಿ ಬರೆದರು. ಮರುಭೂಮಿಯ ರಾಜ್ಯಕ್ಕೆ ಹೊಳೆದ ವಿಚಾರವು ಕಾವೇರಿ ಕೃಷ್ಣೆಯರ ನಾಡಿಗೆ ಹೊಳೆಯಬಾರದೇ?

ಇಲ್ಲಿ ಕನ್ನಡದ ಪ್ರಶ್ನೆಯೂ ಇರುವದು. ಈ ಹಣವು ಬ್ಯಾಂಕಿನ ಮೂಲಕ ಬರುವದು. ಆಧಾರ್ ಜೋಡಣೆ ತಪ್ಪಿದರೆ, ಪಡಿತರ ಚೀಟಿಯ ಹೆಸರಿಗೂ ಪಾಸ್‌ಬುಕ್ಕಿನ ಹೆಸರಿಗೂ ಒಂದಕ್ಷರ ವ್ಯತ್ಯಾಸವಾದರೆ ಹಣ ನಿಲ್ಲುವದು. ಏಕೆ ನಿಂತಿತೆಂಬದು ಮೊಬೈಲಿಗೆ ಇಂಗ್ಲಿಷಿನಲ್ಲಿ ಬರುವದು. ಬ್ಯಾಂಕಿನಲ್ಲಿ ಕೇಳಹೋದರೆ ಎಷ್ಟೋ ಕಡೆ ಕನ್ನಡವರಿಯದ ಅಧಿಕಾರಿಯು ಕುಳಿತಿರುವನು. ತನ್ನ ಹಣ ಏಕೆ ನಿಂತಿತೆಂದು ತನ್ನ ನಾಡಿನಲ್ಲಿ ತನ್ನ ನುಡಿಯಲ್ಲಿ ತಿಳಿಯಲಾರದ ತಾಯಿಯು ಯಾರನ್ನೋ ಬೇಡಿಕೊಳ್ಳಬೇಕು. ಅಲ್ಲಿಯೇ ದಲ್ಲಾಳಿಯು ಹುಟ್ಟುವನು. ನಾಡು ಒಂದಾದುದು ಇದಕ್ಕಾಗಿಯೇ?

ನಾಡು ಒಂದಾದ ಮಾತು ಬಂದುದರಿಂದ ಮತ್ತೊಂದನ್ನು ಹೇಳಲೇಬೇಕು. 1956ರ ನವೆಂಬರ್ 1ರಂದು ಐದು ಆಡಳಿತಗಳಲ್ಲಿ ಹಂಚಿಹೋಗಿದ್ದ ಕನ್ನಡಿಗರು ಒಂದೇ ಛಾವಣಿಯ ಕೆಳಗೆ ಬಂದರು. ಮಟ್ಟ ಮಾತ್ರ ಒಂದಾಗಲಿಲ್ಲ. ಡಾ. ಡಿ. ಎಂ. ನಂಜುಂಡಪ್ಪನವರ ಸಮಿತಿಯು 2002ರಲ್ಲಿ 114 ತಾಲೂಕುಗಳನ್ನು ಹಿಂದುಳಿದವೆಂದು ಗುರುತಿಸಿತು. ಅತ್ಯಂತ ಹಿಂದುಳಿದ 39ರಲ್ಲಿ 21 ಗುಲ್ಬರ್ಗಾ ವಿಭಾಗದವು. ಬೀದರಿನ ತಾಯಿಗೂ ಮೈಸೂರಿನ ತಾಯಿಗೂ ಒಂದೇ 2,000 ರೂಪಾಯಿ ಮುಟ್ಟುವದು ಏಕೀಕರಣದ ಒಂದು ನಿಜವಾದ ಫಲವೆಂದು ನಾವು ಎಣಿಸುವೆವು. ಗುಳೆ ಹೋದ ರಾಯಚೂರಿನ ಕೂಲಿಯವಳಿಗೆ ಬೆಂಗಳೂರಿನಲ್ಲಿಯೂ ಅದು ದೊರೆಯುವದು. ಆದರೆ ಯಾದಗಿರಿಯಲ್ಲಿ ಶಿಕ್ಷಕರಿಲ್ಲದ ಶಾಲೆ, ಔಷಧವಿಲ್ಲದ ಆಸ್ಪತ್ರೆ ಹಾಗೆಯೇ ಉಳಿದರೆ ಆ ಹಣವು ಗುಳೆಯನ್ನು ನಿಲ್ಲಿಸಲಾರದು. ಆದುದರಿಂದ ಬೊಕ್ಕಸದ ಮಿತಿಯನ್ನು ಎತ್ತಿ ಹೇಳುವವರ ಮಾತನ್ನು ನಾವು ತಳ್ಳಿಹಾಕುವದಿಲ್ಲ. ಆದಾಯ ತೆರಿಗೆಯೊಂದೇ ಅಳತೆಗೋಲಾದರೆ ಹತ್ತಾರು ಎಕರೆ ತೋಟವುಳ್ಳ ಮನೆಯೂ ಯಾದಿಯಲ್ಲಿ ಉಳಿಯುವದು. ಉಳ್ಳವರಿಗೆ ಸಲ್ಲುವ ಪ್ರತಿಯೊಂದು ರೂಪಾಯಿಯೂ ಯಾದಗಿರಿಯ ಶಾಲೆಯಿಂದ ಕಿತ್ತುದೆಂದೇ ತಿಳಿಯಬೇಕು.

ಹೀಗಿರಲು ಮಾಡತಕ್ಕದ್ದೇನು? ಬಡವರ ಮಾಸಾಶನಕ್ಕೆ ಒಂದು ಕಾಯಿದೆಯಾಗಬೇಕು. ಮೊದಲನೆಯದಾಗಿ, ಯಾರಿಗೆ ಎಷ್ಟು ಸಲ್ಲುವದೆಂಬದನ್ನು ಶಾಸನಸಭೆಯೇ ಗೊತ್ತು ಮಾಡಬೇಕು. ಹೊಲ, ಮನೆ, ಆದಾಯಗಳನ್ನು ಕೂಡಿಸಿ ಅಳೆಯಬೇಕು. ಎರಡನೆಯದಾಗಿ, ಹಣ ಮುಟ್ಟುವ ತಾರೀಖು ನಿಶ್ಚಿತವಾಗಿರಬೇಕು. ತಪ್ಪಿದರೆ ಬಡ್ಡಿಯೊಡನೆ ಸಲ್ಲಬೇಕು. ಮೂರನೆಯದಾಗಿ, ನೋಟೀಸು ಕೊಡದೆ, ಹೇಳಿಕೆ ಕೇಳದೆ ಯಾರ ಹೆಸರನ್ನೂ ತೆಗೆಯಬಾರದು. ನಾಲ್ಕನೆಯದಾಗಿ, ಬೆಲೆ ಏರಿದಂತೆ ಮೊತ್ತವೂ ಏರಬೇಕು. ಐದನೆಯದಾಗಿ, ತಾಲೂಕಿಗೊಬ್ಬ ಅಧಿಕಾರಿಯು ವಕೀಲರ ನೆರವಿಲ್ಲದೆಯೇ, ಕನ್ನಡದಲ್ಲಿ, ತಕರಾರುಗಳನ್ನು ತೀರಿಸಬೇಕು. ಯಾವ ಪಕ್ಷದವನೂ ನಡುವೆ ನಿಲ್ಲಬಾರದು. ನಿರುದ್ಯೋಗಿ ತರುಣನ ವಿಷಯದಲ್ಲಿ ಇನ್ನೊಂದನ್ನು ಸೇರಿಸಬೇಕು: ಎರಡು ವರ್ಷ ಹಣ ಕೊಟ್ಟು ಕೈ ತೊಳೆದುಕೊಳ್ಳದೆ, ಆ ಅವಧಿಯಲ್ಲಿ ಅವನಿಗೆ ಒಂದು ಕಸುಬನ್ನು ಕಲಿಸುವ ಹೊಣೆಯು ಸರಕಾರದ ಮೇಲೆಯೇ ಇರಬೇಕು. ಕೆಲಸವನ್ನು ಬಯಸುವವನಿಗೆ ಭತ್ಯೆಯು ದಾರಿಯ ಬುತ್ತಿಯೇ ಹೊರತು ಊರು ಅಲ್ಲ.

ಇಂಥ ಕಾಯಿದೆಯಾದರೆ ಹೊಗಳಿಸಿಕೊಳ್ಳುವ ಸುಖವು ಆಳುವವರಿಗೆ ತಪ್ಪುವದು. ಆದುದರಿಂದ ಅವರಾಗಿಯೇ ಇದನ್ನು ಮಾಡಲಾರರು. ಸುಶಿಕ್ಷಿತರಾದ ಊರಿನ ಜನರೂ ಶಿಕ್ಷಕರೂ ಇದನ್ನು ಕೇಳಬೇಕು. ಶಿಕ್ಷಕ ಬಂಧುಗಳು ತಮ್ಮ ಶಾಲೆಯ ಮಕ್ಕಳ ತಾಯಂದಿರಲ್ಲಿ ಯಾರ ಹಣ ನಿಂತಿದೆ, ಏಕೆ ನಿಂತಿದೆ ಎಂಬದನ್ನು ಬರೆದುಕೊಂಡು ತಮ್ಮ ಶಾಸಕರಿಗೆ ಕನ್ನಡದಲ್ಲಿ ಒಂದು ಅರ್ಜಿಯನ್ನು ಕಳಿಸಲಿ. ವಕೀಲ ಬಂಧುಗಳು ವಾರದಲ್ಲಿ ಒಂದು ಹೊತ್ತನ್ನು ಇಂಥ ಅರ್ಜಿಗಳಿಗೆ ಮೀಸಲಿಡಲಿ. ಮತ ಕೇಳಲು ಬಂದವನಿಗೆ ‘ಎಷ್ಟು ಕೊಡುವಿರಿ?’ ಎಂದು ಕೇಳುವದನ್ನು ಬಿಟ್ಟು ‘ಕಾಯಿದೆ ಎಂದು ಮಾಡುವಿರಿ?’ ಎಂದು ಕೇಳುವ ದಿನ ಬಂದರೆ, ಅಂದು ಕನ್ನಡ ನಾಡಿನ ಬಡವನು ಪ್ರಜೆಯಾದನೆಂದು ತಿಳಿಯಬಹುದು.